ಕಂಪೆನಿಯ ಹೆಸರು ಬಂದದ್ದು ಆಟಿಯಲ್ಲಿ

ನಾನು ಮೊದಲಿನಿಂದಲೂ ಪುಕ್ಕಲಿ. ಬೇರೆಯವರು ಹಾವಿಗೆ ಹೆದರಿದರೆ ನಾನು ಸರಕಾರದ ಮೊಹರು ಬಿದ್ದ ಲಕೋಟೆಗೆ ಹೆದರುವವಳು. ಅಂಥವಳು ಕಂಪೆನಿ ಕಟ್ಟಲು ಹೊರಟದ್ದು ಪಕ್ಕದ ಮನೆಯ ಬ್ಯಾರಿ ಮುಸ್ಲಿಂ ಗೆಳತಿಯ ಧೈರ್ಯದಿಂದ. ರಾಮಕುಂಜದಲ್ಲಿ ನಾವಿಬ್ಬರೂ ಸೇರಿ ಎರಡು ವರ್ಷದಿಂದ ಅಡಿಕೆ ಹಾಳೆಯ ತಟ್ಟೆ ಮಾಡುತ್ತಿದ್ದೆವು. ದುಬೈಯಲ್ಲಿದ್ದ ಅವಳ ತಮ್ಮ ಅಲ್ಲಿನ ಅಂಗಡಿಯೊಂದಕ್ಕೆ ನಮ್ಮ ತಟ್ಟೆ ತೋರಿಸಿದ್ದ. ಅವರಿಗೆ ಕಂಪೆನಿಯಿಂದಲೇ ಮಾಲು ಬರಬೇಕಿತ್ತು.

ಕಂಪೆನಿಗೆ ಹೆಸರಿಡುವುದು ಮಗುವಿಗೆ ಹೆಸರಿಟ್ಟಷ್ಟೇ ಸುಲಭ ಅಂದುಕೊಂಡಿದ್ದೆವು. ಪುತ್ತೂರಿನ ಆಡಿಟರ್ ನಕ್ಕರು. ಸರಕಾರಕ್ಕೆ ಮೊದಲು ಕೊಟ್ಟ ಹೆಸರಿನ ಹಾಗೆಯೇ ಕೇಳಿಸುವ ಕಂಪೆನಿ ಆಗಲೇ ಇತ್ತಂತೆ, ಅದು ಬಿತ್ತು. ಎರಡನೆಯದರಲ್ಲಿ ಗತ್ತಿಗೆ ಇರಲಿ ಎಂದು ‘ರಾಷ್ಟ್ರೀಯ’ ಸೇರಿಸಿದ್ದೆ. ಅದಕ್ಕೆ ಬೇರೆ ಅನುಮತಿ ಬೇಕಂತೆ, ಅದೂ ಬಿತ್ತು. ಮೂರನೆಯದನ್ನು ಗೆಳತಿಯೇ ಯೋಚಿಸಿ ಹೇಳಿದಳು. ಬಾಲಕ್ಕೆ ‘ಪ್ರೈವೇಟ್ ಲಿಮಿಟೆಡ್’ ಅಂಟಿಸಿಕೊಂಡು ಅದು ಪಾಸಾಯಿತು. ಇಪ್ಪತ್ತು ದಿನ ಆ ಹೆಸರು ನಮಗೇ ಮೀಸಲು. ಅಷ್ಟರೊಳಗೆ ಇಬ್ಬರೂ ಸಹಿ ಹಾಕಿ ಕಂಪೆನಿ ನೋಂದಾಯಿಸಬೇಕು, ಇಲ್ಲದಿದ್ದರೆ ಯಾರು ಬೇಕಾದರೂ ಎತ್ತಿಕೊಳ್ಳಬಹುದು.

ಆದರೆ ಅದು ಪಾಸಾದದ್ದು ಆಟಿ ತಿಂಗಳ ಎರಡನೇ ದಿನ. ತುಳುವರ ಆಟಿ ಎಂದರೆ ಘಟ್ಟದ ಮೇಲಿನವರ ಆಷಾಢದ ಹಾಗೆ, ಆಗ ನಮ್ಮ ಕಡೆ ಯಾವ ಹೊಸ ಕೆಲಸವನ್ನೂ ಶುರುಮಾಡುವುದಿಲ್ಲ.

“ಆಟಿಯಲ್ಲಿ ಸಹಿಯೂ ಇಲ್ಲ, ಎಂತದೂ ಇಲ್ಲ,” ಎಂದರು ಅತ್ತೆ.

ನನಗೂ ಹೆದರಿಕೆಯೇ. ಗೆಳತಿಗೆ ಆಟಿಯ ಹಂಗಿರಲಿಲ್ಲ. “ಎಂತ ಅಕ್ಕ, ಪುತ್ತೂರಿಗೆ ಯಾವಾಗ ಹೋಗುದು?” ಎಂದು ಕೇಳುತ್ತಲೇ ಇದ್ದಳು. ಆಟಿ ಎಂದರೆ ನಕ್ಕಾಳೆಂದು, “ಆಡಿಟರ್ ಊರಲ್ಲಿಲ್ಲ” ಎಂದೆ. ಹಸಿ ಸುಳ್ಳು. ಆಡಿಟರ್ ದಿನ ಬಿಟ್ಟು ದಿನ ಫೋನ್ ಮಾಡುತ್ತಿದ್ದರು. ಹದಿನೆಂಟನೇ ದಿನ, “ಶುಲ್ಕ ಕಟ್ಟಿ ಅವಧಿ ಮುಂದೆ ಹಾಕ್ಲಿಕ್ಕೆ ಆಗ್ತದೆ, ಆದರೆ ಮುಗಿಯುವ ಮೊದಲೇ ಆಗಬೇಕು,” ಎಂದರು. ಆಟಿಯಲ್ಲಿ ಅದಕ್ಕೂ ಕೈಹಾಕಲು ನನಗೆ ಧೈರ್ಯ ಬರಲಿಲ್ಲ.

ಇಪ್ಪತ್ತೊಂದನೇ ದಿನದಿಂದ ನರಕ. ಬಚ್ಚಲಿನ ಬಾಗಿಲು ಹಾಕಿಕೊಂಡು, ಮೊಬೈಲಿನಲ್ಲಿ ಸರಕಾರದ ಜಾಲತಾಣ ತೆರೆದು, ನಮ್ಮ ಹೆಸರನ್ನು ಹುಡುಕುತ್ತಿದ್ದೆ. ಬೇರೆ ಯಾರದ್ದೋ ಆಗಿ ಕಂಡರೆ ಏನು ಗತಿ? ಅದೇ ಹೆಸರು ಅಚ್ಚಾದ ಸ್ಯಾಂಪಲ್ ಪೆಟ್ಟಿಗೆಗಳು ದುಬೈ ಸೇರಿಯಾಗಿದ್ದವು. ಆಟಿ ಆಡುತ್ತಾ ಹೋಗುತ್ತದೆ ಎಂಬ ಮಾತುಂಟು. ಆ ವರ್ಷದ್ದು ನನ್ನ ಎದೆಯ ಮೇಲೆ ಕೂತಿತ್ತು.

ಆಟಿ ಮುಗಿದ ಮರುದಿನವೇ ಇಬ್ಬರೂ ಪುತ್ತೂರಿಗೆ ಹೋದೆವು. ಆಡಿಟರ್ ಅವಳ ಎದುರೇ, “ಎಷ್ಟು ಸಲ ಫೋನ್ ಮಾಡಿದ್ದೆ ಮಾರಾಯ್ರೆ! ಅವಧಿ ಮುಗಿದು ಹತ್ತು ದಿನ ಆಯ್ತಲ್ಲ,” ಎಂದುಬಿಟ್ಟರು. ಅವಳು ನನ್ನತ್ತ ನೋಡಲಿಲ್ಲ. ಪುಣ್ಯಕ್ಕೆ ಆ ಹೆಸರನ್ನು ಯಾರೂ ಎತ್ತಿಕೊಂಡಿರಲಿಲ್ಲ. ಅದೇ ಹೆಸರಿಗೆ ಮತ್ತೆ ಅರ್ಜಿ ಹಾಕಿ ಹೊರಬಿದ್ದೆವು.

ವಾಪಸು ಬರುವಾಗ ಬಸ್ಸಿನಲ್ಲಿ ನಾನಾಗಿಯೇ ಆಟಿಯ ಕಥೆಯನ್ನೆಲ್ಲ ಹೇಳಿದೆ.

“ಆಟಿ ಅಂತ ಹೇಳಿದ್ರೆ ನಾನು ಕಾಯ್ತಿದ್ದೆ ಅಕ್ಕ,” ಎಂದಳು. “ಆಡಿಟರ್ ಊರಲ್ಲೇ ಇದ್ದಾರೆ ಅಂತ ನನಗೆ ಗೊತ್ತಿತ್ತು. ನನ್ನ ಹೆಸರಿನ ಒಟ್ಟಿಗೆ ನಿಮ್ಮ ಹೆಸರು ಬೇಡ ಅಂತ ನಿಮ್ಮ ಮನೆಯಲ್ಲಿ ಹೇಳಿದ್ರೋ ಏನೋ ಅಂತ ಹೆದರಿಕೆ ಆಗಿತ್ತು. ನಿದ್ದೆಯೇ ಇಲ್ಲ. ಹಾಗೆಂತ ಇಲ್ಲ ಅಲ್ವಾ ಅಕ್ಕ?”

“ಇಲ್ಲ” ಎಂದೆ.

ಅತ್ತೆ ಹಾಗೆಯೇ ಹೇಳಿದ್ದರು, ಆಟಿ ಶುರುವಾಗುವ ಮೊದಲೇ. ನಾನು ಬೆಂಡೆಕಾಯಿ ಹೆಚ್ಚುತ್ತಾ ಸುಮ್ಮನಿದ್ದೆ.