ಚೊಂಬು ನೀರು ಮತ್ತು ಹೂಡಿಯ ಏರಿಳಿತ

ಜೋರು ಮಳೆ ಬಂದಾಗಲೆಲ್ಲ ಬೆಂಗಳೂರಿನ ಹೂಡಿಯಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ನೀರು ನುಗ್ಗುತ್ತಿತ್ತು. ಸ್ಕೂಟರುಗಳು ಸೀಟಿನವರೆಗೆ ಮುಳುಗಿದ ಮೇಲೆ, ಹಿಂದಿನ ಕಾಲುವೆಯ ನೀರು ತಡೆಯಲು ಹಿಂಬದಿಯ ಕಾಂಪೌಂಡ್ ಗೋಡೆಯನ್ನು ಇನ್ನಷ್ಟು ಎತ್ತರಿಸಬೇಕೆಂದು ಸಂಘದ ಕಾರ್ಯದರ್ಶಿ ಪಟ್ಟು ಹಿಡಿದರು. ನಮಗೆಲ್ಲ ಅದೇ ಸರಿಯೆನಿಸಿತು.

ಎದುರು ಮನೆಯಾಕೆ ಮಾತ್ರ ಒಪ್ಪಲಿಲ್ಲ. ಅವರು ಎಲೆಕ್ಟ್ರಾನಿಕ್ ಸಿಟಿಯ ಕಚೇರಿಯೊಂದರಲ್ಲಿ ನಕ್ಷೆ ತಯಾರಿಸುವವರು. "ನೀರು ಹಿಂದಿಂದ ಬರ್ತಿಲ್ಲ ಅನ್ಸುತ್ತೆ. ನೋಡೇ ಬಿಡೋಣ" ಎಂದರು.

ಉಪಗ್ರಹ ಅಳೆದ ಎತ್ತರಗಳ ಮಾಹಿತಿಯನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಮನೆಯಲ್ಲಿದ್ದ ತ್ರೀಡಿ ಪ್ರಿಂಟರಿನಲ್ಲಿ ನಮ್ಮ ಸುತ್ತಲಿನ ನೆಲದ ಮಾದರಿ ತೆಗೆದರು. ಮೊದಲನೆಯದು ಕೆಟ್ಟಿತು, ಮನೆಗಳ ತಾರಸಿಯೂ ನೆಲವೆಂದೇ ದಾಖಲಾಗಿತ್ತು. ಬೇಸರಿಸದೆ ಕಟ್ಟಡಗಳನ್ನು ಒಂದೊಂದಾಗಿ ಅಳಿಸಿದರು. ಆಮೇಲಿನದು ದೋಸೆ ಕಾವಲಿಯಂತೆ ಚಪ್ಪಟೆ. ಎತ್ತರವನ್ನಷ್ಟೇ ಹಲವು ಪಟ್ಟು ಹಿಗ್ಗಿಸಿ ಮತ್ತೆ ಶುರುಮಾಡಿದರು. ಕರಗಿದ ಪ್ಲಾಸ್ಟಿಕ್ ಎಳೆ ಪದರದ ಮೇಲೆ ಪದರವಾಗಿ ಕೂತು, ನಾನು ದಿನವೂ ಓಡಾಡುವ ರಸ್ತೆ ದಿಬ್ಬವಾಗಿ ಏಳುವುದನ್ನು ನೋಡುವುದರಲ್ಲಿ ನನ್ನ ಕಾಫಿ ಆರಿಹೋಗುತ್ತಿತ್ತು.

ಭಾನುವಾರದ ಸಭೆಗೆ ಮಾದರಿಯನ್ನು ದೊಡ್ಡ ತಟ್ಟೆಯಲ್ಲಿಟ್ಟು ತಂದರು. ಹಿಂಬದಿ ಗೋಡೆಯ ಜಾಗಕ್ಕೆ ಜೇಡಿಮಣ್ಣು ಮೆತ್ತಿದ್ದರು. ಕಾರ್ಯದರ್ಶಿಯ ಕೈಗೆ ಚೊಂಬು ಕೊಟ್ಟು, "ಸಾರ್, ನೀವೇ ಹಾಕಿ. ಮೇನ್ ರೋಡ್ ಕಡೆಯಿಂದ, ನಿಧಾನಕ್ಕೆ" ಎಂದರು. ನೀರು ರಸ್ತೆಯಿಂದ ಇಳಿದು, ನಮ್ಮ ಗೇಟು ದಾಟಿ, ಗೋಡೆಗೆ ತಾಕಿ ಅಲ್ಲೇ ನಿಂತಿತು.

"ಈಗ ಮಣ್ಣು ಸ್ವಲ್ಪ ಬಿಡಿಸಿ ಸಾರ್."

ಅವರು ಬೆರಳಿನಿಂದ ಬಿಡಿಸಿದರು. ನೀರು ಹಿಂದಿನ ಕಾಲುವೆಗಿಳಿದು ಕೆರೆಯತ್ತ ಹರಿಯಿತು.

"ಇನ್ನೊಂದ್ಸಲ ಹಾಕ್ತೀನಿ ತಾಳಿ" ಎಂದು ಕಾರ್ಯದರ್ಶಿಯೇ ಮತ್ತೆ ಚೊಂಬು ತುಂಬಿಸಿ ತಂದು ಸುರಿದರು. ನೀರು ಅದೇ ದಾರಿ ಹಿಡಿಯಿತು. ಆಮೇಲೆ, "ಗೋಡೆ ಎತ್ತರಿಸೋದು ಬೇಡ. ಬುಡದಲ್ಲಿ ಕಿಂಡಿ ಬಿಡಿಸೋಣ" ಎಂದರು.

ನಮಗೆ ಅಷ್ಟೇ ಸಾಕಾಗಿತ್ತು. ಆಕೆಗೆ ಸಾಕಾಗಲಿಲ್ಲ. ಕಾಲುವೆಯಾಚೆ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಬಾಡಿಗೆ ಕೋಣೆಗಳಿದ್ದವು. "ಮೊದ್ಲು ಕಾಲುವೆ ಹೂಳು ತೆಗೆಸೋಣ. ಇಲ್ಲಾಂದ್ರೆ ನಮ್ಮ ನೀರು ಅವರ ಮನೆಗೆ ನುಗ್ಗುತ್ತೆ" ಎಂದರು. ಕಾರ್ಯದರ್ಶಿಯೇ ಮುಂದೆ ನಿಂತು ಹೂಳು ತೆಗೆಸಿದರು, ಕಿಂಡಿ ಆಮೇಲೆ ತೆರೆಯಿತು.

ಮುಂದಿನ ದೊಡ್ಡ ಮಳೆ ಒಂದು ಮಧ್ಯಾಹ್ನ ಸುರಿಯಿತು. ಆಕೆ ಆಫೀಸಿನಲ್ಲಿದ್ದರು. ನಾನು ನೆಲಮಾಳಿಗೆಗೆ ಓಡಿದೆ. ನೆಲ ಒದ್ದೆಯಾಗಿತ್ತು, ನೀರು ನಿಂತಿರಲಿಲ್ಲ. ಫೋನು ಮಾಡಿ ಹೇಳಿದೆ.

"ಸರಿ, ಹಿಂದಿನ ಕೋಣೆಗಳು?" ಎಂದು ಕೇಳಿದರು.

ಫೋನು ಕಿವಿಗಿಟ್ಟುಕೊಂಡೇ ಕೊಡೆ ಹಿಡಿದು ಹೋದೆ. ಕಾಲುವೆ ಅಂಚಿನವರೆಗೆ ತುಂಬಿ ಹರಿಯುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಹೆಂಗಸು ನನ್ನನ್ನು ಕಂಡು, "ಒಳಗ ಏನೂ ಬಂದಿಲ್ರೀ ಅಕ್ಕಾ" ಎಂದಳು.

ಆ ಕಡೆ ಅದು ಕೇಳಿಸಿತೇನೋ, ಆಕೆ ಸಮಾಧಾನದ ಉಸಿರು ಬಿಟ್ಟರು.