ಮಗ್ಗ ಸಿಗದ ಮನೆತನ

ಆ ಶನಿವಾರ ಎಂದಿನಂತೆಯೇ ಇತ್ತು. ಲಂಡನ್ನಿನ ಇಲ್ಫರ್ಡಿನಲ್ಲಿ ನಮ್ಮ ಅಡುಗೆಮನೆಯಲ್ಲಿ ಗಂಡ ಟೋಸ್ಟ್ ತಿನ್ನುತ್ತ, ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಿದ್ದರು. ನಾನು ಬಾಗಲಕೋಟೆಯಲ್ಲಿರುವ ಅವ್ವನಿಗೆ ಫೋನ್ ಹಚ್ಚಿದೆ. ಅವ್ವ ನನ್ನನ್ನು ಬಿಟ್ಟು ಮೊದಲು ಅವರನ್ನೇ ಮಾತಾಡಿಸಿದಳು.

"ಏನ್ರಿ ಅಳಿಯಾರ, ಮಗ್ಗ ಸಿಕ್ತೇನು?"

"ಇನ್ನೂ ಇಲ್ರಿ, ಅತ್ತಿ." ಅವರಿಗೆ ತಡವರಿಸದೆ ಬರುತ್ತಿದ್ದ ಕನ್ನಡ ಅಷ್ಟೇ.

"ಸಾವಕಾಶ ಹುಡುಕ್ರಿ. ಮಗ್ಗೇನ್ ಓಡಿ ಹೋಗೂದಿಲ್ಲ."

ಮರುದಿನ ಬೆಳಿಗ್ಗೆ ಅವರು ಏಳಲಿಲ್ಲ; ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು.

ಮಗ್ಗದ ಮಾತು ಶುರುವಾದದ್ದು ನಮ್ಮ ಮದುವೆಯಾದ ವರ್ಷ. ನಮ್ಮ ಕಡೆ ಹೊಸಬರು ಬಂದರೆ ಊರಿನ ಜೊತೆ ಅಡ್ಡಹೆಸರನ್ನೂ ಕೇಳುತ್ತಾರೆ. ಅಡ್ಡಹೆಸರು ತಿಳಿದರೆ ಮನೆತನದ ಕಸುಬೂ ತಿಳಿಯಿತು ಎಂದುಕೊಳ್ಳುತ್ತಾರೆ. ಇವರದು ವೆಬ್‌ಸ್ಟರ್. ಇಂಗ್ಲೆಂಡಿನಲ್ಲಿ ಹಿಂದೆ ಬಟ್ಟೆ ನೇಯುವವರಿಗೆ ಹೇಳುತ್ತಿದ್ದ ಹೆಸರು ಎಂದು ನಾನೇ ಅವ್ವನಿಗೆ ತಿಳಿಸಿದ್ದೆ. ಅವ್ವನಿಗೆ ಅಷ್ಟು ಸಾಕಾಯಿತು. ಅಳಿಯ ಮೊದಲ ಸಲ ಮನೆಗೆ ಬಂದ ದಿನ, ಹೊಸ ಇಳಕಲ್ ಸೀರೆಯನ್ನು ಅವರ ಕೈಗಿಟ್ಟಳು.

"ನೇಕಾರ್ರ ಮನಿಯವ್ರು ನೀವು. ಸೆರಗಿನ ಜೋಡಣಿ ಹೆಂಗೈತಿ, ನೋಡಿ ಹೇಳ್ರಿ."

ಇವರು ಬಸ್ ಡಿಪೋದ ಮೆಕ್ಯಾನಿಕ್. ಹತ್ತಿ ಯಾವುದು, ರೇಷ್ಮೆ ಯಾವುದು ಎಂದೂ ತಿಳಿಯದು. ಆದರೂ ಸೆರಗನ್ನು ಬೆಳಕಿಗೆ ಹಿಡಿದು, ತಿರುವಿ, ಎಂಜಿನ್ನಿನೊಳಗೆ ಇಣುಕುವವರಂತೆ ಬಹಳ ಹೊತ್ತು ನೋಡಿ ತಲೆಯಾಡಿಸಿದರು. ಅವ್ವ ಆ ಸುದ್ದಿಯನ್ನು ಓಣಿಗೆಲ್ಲ ಹೇಳಿ ಬಂದಳು.

ಲಂಡನ್ನಿಗೆ ಮರಳಿದ ಮೇಲೆ ಅದು ಅವರನ್ನು ಕಾಡಿತು. ಅತ್ತೆಗೆ ಸುಳ್ಳು ಹೇಳಿದಂತಾಯಿತು, ಮನೆತನದಲ್ಲಿ ನಿಜವಾಗಿ ನೇಯ್ದ ಒಬ್ಬರನ್ನಾದರೂ ಹುಡುಕಿ ತೋರಿಸಬೇಕು ಎಂದರು. ಮನೆತನದ ಮಗ್ಗ ಹುಡುಕಿಯೇ ತೀರುತ್ತೇನೆ ಎಂದು ಫೋನಿನಲ್ಲಿ ಅವ್ವನಿಗೂ ಮಾತು ಕೊಟ್ಟರು. ರಜೆಯ ದಿನಗಳಲ್ಲಿ ಲೈಬ್ರರಿಗೆ ಹೋಗಿ ಹಳೆಯ ಚರ್ಚ್ ದಾಖಲೆಗಳನ್ನು ಓದತೊಡಗಿದರು. ಅಪ್ಪ ಲಾರಿ ಡ್ರೈವರ್. ಅಜ್ಜ ಮನೆಮನೆಗೆ ಕಲ್ಲಿದ್ದಲು ಹೊತ್ತವರು. ಮುತ್ತಜ್ಜ ಕುದುರೆ ಲಾಯದಲ್ಲಿದ್ದವರು. ಅದಕ್ಕೂ ಹಿಂದೆ ಬರೀ ಕೂಲಿಗಳು.

ಒಂದು ದಿನ ಕೋಟು ಕೂಡ ಬಿಚ್ಚದೆ ಅಡುಗೆಮನೆಗೆ ಬಂದರು. ವೆಬ್‌ಸ್ಟರ್ ಎಂದು ಮೊದಮೊದಲು ಕರೆಯುತ್ತಿದ್ದದ್ದು ನೇಯುವ ಹೆಂಗಸರನ್ನಂತೆ. ಗಂಡಸರಿಗೆ ಆ ಹೆಸರು ಆಮೇಲೆ ಬಂದದ್ದಂತೆ. "ಇಷ್ಟು ವರ್ಷ ಅಜ್ಜಂದಿರ ಹಿಂದೆ ಬಿದ್ದಿದ್ದೆ. ಹುಡುಕಬೇಕಾದದ್ದು ಅಜ್ಜಿಯನ್ನು!" ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕರು. ಆದರೆ ಅವರು ತಿರುವಿದ ಪುಟಗಳಲ್ಲಿ ಗಂಡಸರ ಕಸುಬು ಬರೆದಿತ್ತು, ಹೆಂಗಸರದು ಇರಲಿಲ್ಲ.

ಈಗಲೂ ಶನಿವಾರ ಅವ್ವನಿಗೆ ಫೋನ್ ಮಾಡುತ್ತೇನೆ. ಬಹಳ ದಿನ ಅವಳು ಮಗ್ಗದ ಸುದ್ದಿ ತೆಗೆಯಲಿಲ್ಲ. ಹೋದ ವಾರ ಮೆಲ್ಲಗೆ ಅಂದಳು: "ನೀನರ ಹುಡುಕವ್ವ. ಅವ್ರು ಮಾತು ಕೊಟ್ಟಿದ್ರು."

ನೋಟ್‌ಬುಕ್ ತೆಗೆದುಕೊಂಡು ಲೈಬ್ರರಿಗೆ ಹೋದೆ. ಅವರ ಅಕ್ಷರದ ಕೆಳಗೆ ನನ್ನ ಅಕ್ಷರದಲ್ಲಿ ಇನ್ನೊಂದು ತಲೆಮಾರು ಸೇರಿಸಿದೆ: ಮದುವೆಯ ದಾಖಲೆಯಲ್ಲಿ ಸಹಿಯ ಬದಲು ಗುರುತು ಹಾಕಿದ ಒಬ್ಬ ಹೆಂಗಸು. ಅವಳ ಕೆಲಸವನ್ನೂ ಯಾರೂ ಬರೆದಿಲ್ಲ.

ನೇಯ್ದವರು ಇನ್ನೂ ಸಿಕ್ಕಿಲ್ಲ.