ಮಡಿಕೋಲಿಗೆ ಸಿಕ್ಕ ಏರಿಯಲ್

ಸದಾಶಿವ ಪೇಠದ ರಾಘಣ್ಣನ ಕುತ್ತಿಗೆಯ ಬಗ್ಗೆ 1937ರ ಹೊತ್ತಿಗೆ ಪುಣೆಯಲ್ಲಿ ಒಂದು ಪುರಾಣವೇ ಹುಟ್ಟಿಕೊಂಡಿತ್ತು. ಆ ಕುತ್ತಿಗೆ ನೆಲದ ಕಡೆಗೆ ಬಾಗಿದ್ದನ್ನು ಕಂಡವರಿರಲಿಲ್ಲ. ಕೋಟೆ ಗೆದ್ದ ವೀರರು ಈ ಊರಿನಲ್ಲಿ ಬೇಕಾದಷ್ಟು ಆಗಿಹೋಗಿದ್ದಾರೆ. ಆದರೆ ಅವರೂ ಕುದುರೆಯ ಮುಂದಿನ ದಾರಿಯನ್ನು ನೋಡಿಕೊಂಡೇ ಹೋದವರು. ರಾಘಣ್ಣ ಮಾಳಿಗೆಗಳನ್ನೂ ಮರದ ತುದಿಗಳನ್ನೂ ನೋಡುತ್ತ ಕಚೇರಿಗೆ ಹೋಗಿ ಬರುತ್ತಿದ್ದ. ಟಾಂಗಾದ ಕುದುರೆಗಳೇ ಅವನಿಗೆ ದಾರಿ ಬಿಡುತ್ತಿದ್ದವು. ಎದುರು ಬಂದವರು ತಾವೂ ತಲೆಯೆತ್ತಿ ನೋಡಿ, ಏನೂ ಕಾಣದೆ, ನಮಗೆ ಅಷ್ಟು ಪುಣ್ಯವಿಲ್ಲ ಎಂದುಕೊಂಡು ಮುಂದೆ ಸಾಗುತ್ತಿದ್ದರು. ಧೂಮಕೇತು ಬರಲಿದೆ ಎಂದರು ಕೆಲವರು. ವೈರಾಗ್ಯ ಎಂದರು ಇನ್ನು ಕೆಲವರು.

ಅವನು ಹುಡುಕುತ್ತಿದ್ದದ್ದು ಏರಿಯಲ್ ಕಟ್ಟಲು ಒಂದು ಜಾಗ.

ಧಾರವಾಡದ ಕಡೆಯವನಾದ ರಾಘಣ್ಣ ಟೆಲಿಗ್ರಾಫ್ ಕಚೇರಿಯ ಗುಮಾಸ್ತ. ದಿನವಿಡೀ ಕಂಡವರ ಮನೆಯ ಹುಟ್ಟು ಸಾವಿನ ಸುದ್ದಿಗಳನ್ನು ಕಟಕಟ ಕುಟ್ಟಿ ಬೇಸತ್ತು, ತನ್ನದೂ ಒಂದು ಮಾತು ಇರಲಿ ಎಂದು ಮನೆಯಲ್ಲೇ ನಿಸ್ತಂತು ಯಂತ್ರವೊಂದನ್ನು ಜೋಡಿಸಿದ್ದ. ಸರಕಾರದ ಪರವಾನಗಿಯೂ ಬಂದಿತ್ತು. ಪುಣೆಯ ಹತ್ತಿರದ ಶಿರೂರಿನಲ್ಲಿ ಅವನ ಗೆಳೆಯ ಬಾಳಕೃಷ್ಣ ಅಂಥದೇ ಯಂತ್ರ ಕಟ್ಟಿಕೊಂಡು ಕಾದಿದ್ದ. ಇನ್ನು ಎತ್ತರದಲ್ಲಿ ಏರಿಯಲ್ ಎಂಬ ತಾಮ್ರದ ತಂತಿಯೊಂದನ್ನು ಎಳೆದರಾಯಿತು.

ಆದರೆ ಎಲ್ಲಿ? ನೆರೆಯ ಹುಣಿಸೆ ಮರ ಗಾಳಿಗೆ ತೂಗಿ ತಂತಿಯನ್ನು ಹರಿದುಬಿಡುತ್ತಿತ್ತು. ಮುಂದಿನ ಮಾಡಿಗೆ ತಗಡು. ಹತ್ತಿರ ತಗಡಿದ್ದರೆ ಅಲೆಗಳನ್ನು ಅದೇ ನುಂಗುತ್ತದೆ. ಗುಡಿಯ ಶಿಖರವನ್ನು ಅವನು ಬರಿದೇ ದಿಟ್ಟಿಸಿದ್ದಕ್ಕೇ ಪೂಜಾರಿ ಕೆಮ್ಮಿದ. ಉಳಿದದ್ದು ಅವನು ಬಾಡಿಗೆಗಿದ್ದ ವಾಡೆಯ ಹಿತ್ತಲು. ಮಾಳಿಗೆಯ ಕಂಬದಿಂದ ಬಾವಿಯಾಚೆಯ ಗೋಡೆಯ ತನಕ ಅಡ್ಡಿಯಿಲ್ಲದ ಆಕಾಶ.

ಆ ಹಿತ್ತಲು ಒಡತಿ ನರ್ಮದಾಬಾಯಿಯವರ ರಾಜ್ಯ. ಅವರ ತವರು ಬೆಳಗಾವಿ. ಬಾಡಿಗೆ ಕೇಳುವುದು ಮರಾಠಿಯಲ್ಲಿ, ಬೈಯುವುದು ಕನ್ನಡದಲ್ಲಿ. ದಿನಾ ಮಿಂದ ಮೇಲೆ ಒದ್ದೆ ಮಡಿಸೀರೆಯನ್ನು ಉದ್ದನೆಯ ಕೋಲಿನಿಂದ ಎತ್ತಿ, ಯಾರ ಕೈಗೂ ಎಟುಕದಂತೆ ಪಡಸಾಲೆಯ ಗಳದ ಮೇಲೆ ಹರವುತ್ತಿದ್ದರು. ಅಲ್ಲಿ ಬಿಸಿಲು ಬೀಳುತ್ತಿರಲಿಲ್ಲ. ಮಡಿಯಲ್ಲಿಲ್ಲದವರ ಬೆರಳು ತಗುಲಿದರೆ ಆ ಸೀರೆ ಅಡುಗೆಗೂ ಪೂಜೆಗೂ ಬಾರದು.

“ಬಾಯಿಯವರ, ಒಂದು ತಂತಿ ಕಟ್ಟಬೇಕಾಗೇದ್ರಿ,” ಎಂದ ರಾಘಣ್ಣ, ದೂರ ನಿಂತು.

“ಸಿಡಿಲು ಕರಕೊಂಡು ಬರೂ ತಂತಿ ಏನೋ?”

“ಇಲ್ರಿ. ಶಿರೂರಿನ ಗೆಳ್ಯಾನ ಜೋಡಿ ಮಾತಾಡೂ ತಂತಿ.”

“ಶಿರೂರಿಗೆ ಮೋಟಾರು ಹೋಗ್ತದಲ್ಲ. ಹೋಗಿ ಮಾತಾಡಿ ಬಾ.” ಬಾಯಿಯವರು ಒಂದು ಗಳಿಗೆ ಯೋಚಿಸಿದರು. “ಯಾರ್‍ಯಾರು ಮುಟ್ತಾರ ಅದನ್ನ?”

“ಕಟ್ಟಿದ ಮ್ಯಾಲೆ ಯಾರೂ ಮುಟ್ಟಂಗಿಲ್ರಿ. ಶುದ್ಧ ತಾಮ್ರ. ಎರಡೂ ತುದಿಗೆ ಪಿಂಗಾಣಿ.”

ಬಾಯಿಯವರ ಮುಖದ ಮೇಲೆ ಒಂದು ಶಾಂತಿ ಮೂಡಿತು. ರಾಘಣ್ಣ ಅದನ್ನು ತನ್ನ ಗೆಲುವೆಂದು ತಿಳಿದ.

“ಮಣ್ಣಿನ ಗ್ವಾಡಿ ಅದ. ಒಂದ ಸಲ ಮೊಳಿ ಹೊಡಿ. ರವಿವಾರ ಶಿರೂರಿಂದ ಉತ್ತರ ಬಂದ್ರ ಇರಲಿ. ಇಲ್ಲಂದ್ರ ಸೋಮವಾರ ಬಿಚ್ಚು. ಮತ್ತ ಮೊಳಿ ಹಿಡಕೊಂಡು ನನ್ನ ಮುಂದ ಬರಬ್ಯಾಡ.”

ಬಿಚ್ಚಿದರೆ ಇಡೀ ಪೇಠದಲ್ಲಿ ಬೇರೆ ಜಾಗವಿಲ್ಲ ಎಂಬುದು ರಾಘಣ್ಣನ ಕುತ್ತಿಗೆಗೆ ಚೆನ್ನಾಗಿ ಗೊತ್ತಿತ್ತು.

ತಂತಿ ಕಟ್ಟಿ ಮುಗಿಸಿ, ರವಿವಾರ ಮುಂಜಾನೆ ಯಂತ್ರದ ಮುಂದೆ ಕೂತು ಕುಟ್ಟಿದ. ತಂತಿಗೆ ಅಲೆ ಹತ್ತಿತೆಂದು ತೋರಿಸುವ ಯಂತ್ರದ ಮುಳ್ಳು ಮೇಲೇಳಲಿಲ್ಲ. ಮತ್ತೆ ಕುಟ್ಟಿದ. ಶಿರೂರು ಸುಮ್ಮನಿತ್ತು. ಹೆಂಡತಿ ಭಾಮಾ ಕಿಟಕಿಯಿಂದ ಇಣುಕಿದಳು.

“ರೀ, ನಿಮ್ಮ ತಂತಿ ಮ್ಯಾಲೆ ಬಾಯಿಯವರ ಸೀರಿ ಅದ.”

“ಒಣಗೇದೇನು?”

“ಇನ್ನೂ ನೀರು ಸೋರಲಿಕ್ಕೆ ಹತ್ತೇದ. ಹೋಗಿ ತಗೀರಲ್ಲ.”

“ಮುಟ್ಟಿದ್ರ ಸೀರಿನೂ ಹೋತು, ತಂತಿನೂ ಹೋತು, ಮನಿನೂ ಹೋತು.”

ಕೆಳಗಿಳಿದು ಬಂದ. ಒಂಬತ್ತು ಗಜದ ಒದ್ದೆ ಸೀರೆಯ ಭಾರಕ್ಕೆ ತಂತಿ ಜೋತುಬಿದ್ದಿತ್ತು. ಬಾಯಿಯವರು ಕೋಲು ಹಿಡಿದು ತೃಪ್ತಿಯಿಂದ ನಿಂತಿದ್ದರು.

“ಯಾರೂ ಮುಟ್ಟಂಗಿಲ್ಲ ಅಂತ ನೀನ ಅಂದ್ಯಲ್ಲೋ. ತಾಮ್ರ ಬ್ಯಾರೆ, ಬಿಸಲು ಬ್ಯಾರೆ. ಇಷ್ಟು ಮಡಿ ಇದ್ದ ಹಗ್ಗ ಪೇಠದಾಗ ಇನ್ನೊಂದಿಲ್ಲ.”

“ಹಸಿ ಸೀರಿ ಅದರ ಮ್ಯಾಲಿರೂ ತನಕಾ ನನ್ನ ಮಾತು ಶಿರೂರು ಮುಟ್ಟಂಗಿಲ್ರಿ. ಅಂವ ಮಧ್ಯಾಹ್ನದ ತನಕಾ ಅಷ್ಟ ಕೂತಿರ್ತಾನ.”

“ಹಂಗಾರ ನಾಳೆ ಬಿಚ್ಚು.”

“ಬಿಚ್ಚತೀನ್ರಿ,” ಎಂದ ರಾಘಣ್ಣ ಮೆಲ್ಲಗೆ. “ನಾಡದು ಸೀರಿ ಎಲ್ಲಿ ಒಣಗಸ್ತೀರಿ?”

ಬಾಯಿಯವರು ಪಡಸಾಲೆಯ ಕತ್ತಲನ್ನು ನೋಡಿದರು, ಬಿಸಿಲನ್ನು ನೋಡಿದರು. ಕೋಲು ಒಂದು ಕೈಯಿಂದ ಇನ್ನೊಂದಕ್ಕೆ ಹೋಯಿತು.

“ನನ್ನ ಕಡೆ ಇನ್ನೂ ತಾಮ್ರದ ತಂತಿ ಉಳದದ. ಆ ಮೂಲ್ಯಾಗ ನಿಮಗ ಬ್ಯಾರೆ ಕಟ್ಟಿಕೊಡತೀನಿ,” ಎಂದ ಅವನು. “ಆದ್ರ ಮೊಳಿ ಹೊಡೀಬೇಕಾಗ್ತದ್ರಿ.”

“ಮಡಿ ಕೆಲಸಕ್ಕ ಹೊಡದ್ರ ಗ್ವಾಡಿ ಏನೂ ಅನ್ನೂದಿಲ್ಲ. ಹೊಡಿ.”

ಕಲ್ಲಿನಲ್ಲಿ ಕೆತ್ತಿದ್ದ ಶಾಸನ ಹೀಗೆ ಅದನ್ನು ಹೊರಡಿಸಿದ ಬಾಯಲ್ಲೇ ತಿದ್ದುಪಡಿಯಾಯಿತು. ರಾಘಣ್ಣ ಹೊಸ ತಂತಿ ಕಟ್ಟಿ ಸರಿದು ನಿಂತ. ಬಾಯಿಯವರು ಅದರ ಮೇಲೆ ನೀರು ಚಿಮುಕಿಸಿ, ಸೇನಾಪತಿ ಧ್ವಜ ಹೊತ್ತು ನಡೆದಂತೆ ಕೋಲಿನ ತುದಿಯಲ್ಲಿ ಸೀರೆಯನ್ನು ಎತ್ತಿ ಹಿತ್ತಲು ದಾಟಿಸಿದರು. ಹಗುರಾದ ಏರಿಯಲ್ ಮೇಲಕ್ಕೆ ಚಿಮ್ಮಿತು.

ರಾಘಣ್ಣ ಮೆಟ್ಟಿಲು ಹತ್ತಿ ಓಡಿದ. ಈ ಸಲ ಮುಳ್ಳು ಎದ್ದಿತು. ಸ್ವಲ್ಪ ಹೊತ್ತಿಗೆ ಕಿವಿಗೊತ್ತಿದ ಹೆಡ್‌ಫೋನಿನಲ್ಲಿ ಶಿರೂರು ಸಣ್ಣಗೆ ಕಟಕಟ ಎಂದಿತು. ಸುದ್ದಿ ತಿಳಿದು ವಾಡೆಯ ಬಿಡಾರದವರೆಲ್ಲ ಮೆಟ್ಟಿಲ ಮೇಲೆ ಸೇರಿದರು. ಆಕಾಶಮಾರ್ಗವಾಗಿ ಈ ವಾಡೆಗೆ ಇಳಿದ ಮೊದಲ ಮಾತು. ಅದು ಏನಿದ್ದೀತೆಂದು ಎಲ್ಲರೂ ಉಸಿರು ಹಿಡಿದರು. ನರ್ಮದಾಬಾಯಿಯವರು ಯಾರಿಗೂ ತಗುಲದಂತೆ ಅಂಗಳದಲ್ಲೇ ನಿಂತು ಕೂಗಿ ಕೇಳಿದರು.

“ಏನಂದನೋ ಶಿರೂರಿನಂವ?”

ರಾಘಣ್ಣ ಹೆಡ್‌ಫೋನ್ ತೆಗೆದಿಟ್ಟ.

“ಕೇಳಸ್ತದ ಅಂದನ್ರಿ. ಹಸಿವಾಗೇದಂತ, ಊಟಕ್ಕ ಹೋದ.”